ಖಗೋಳವೀಕ್ಷಕ ಯೋಹಾನ್ ಪಾಲಿಸಾ

ಸೂರ್ಯನ ಪರಿವಾರದಲ್ಲಿ ಮಂಗಳ ಮತ್ತು ಗುರು ಗ್ರಹಗಳ ನಡುವಣ ವಿಶಾಲವಾದ ಅವಕಾಶದಲ್ಲಿ ಅಸಂಖ್ಯಾತ ಕಿರುಕಾಯಗಳು ಪರಿಭ್ರಮಿಸುತ್ತಿರುವುದು ವಿದ್ಯಾವಂತರೆಲ್ಲರಿಗೂ ತಿಳಿದ ವಿಷಯ. ಇವುಗಳನ್ನು ಕ್ಷುದ್ರಗ್ರಹಗಳೆಂದು ಕರೆಯುವುದು ವಾಡಿಕೆ. ಇವುಗಳಲ್ಲಿ ಬಹುಪಾಲು ತಮ್ಮ ಎಲ್ಲೆಯನ್ನು ಮೀರಿ ಹೋಗುವುದಿಲ್ಲ. ಕೆಲವು ಮಾತ್ರ ನೀಳವಾದ ಅಂಡಾಕಾರದ ಹಾದಿಯನ್ನು ಹಿಡಿದು, ಮಂಗಳನ ಕಕ್ಷೆಯನ್ನು ದಾಟಿ ಒಳಕ್ಕೆ ಬಂದು, ಭೂಮಿಯ ನೆರೆಯವರೆಗೂ ಸುಳಿದು ಹಿಂದಿರುಗುತ್ತವೆ. ಅಂತಹವುಗಳಲ್ಲಿ ೭೧೯ನೆಯ ಕ್ರಮಾಂಕವನ್ನು ಹೊತ್ತ ಆಲ್ಬರ್ಟ್ ಎಂಬುದೂ ಒಂದು. ಸುಮಾರು ಎರಡೂವರೆ ಕಿಲೋಮೀಟರು ಅಡ್ಡಳತೆಯ ಕಲ್ಲುಬಂಡೆ ಅದು. ಗ್ರಹವೆಂಬ ದೊಡ್ಡ ಹೆಸರಿಗೆ ಅಷ್ಟೇನೂ ಒಪ್ಪದ ಒಂದು ಗುಡ್ಡ. ಅದನ್ನು ಮೊಟ್ಟಮೊದಲು ಕಂಡವರು ಆಸ್ಟ್ರಿಯ ದೇಶದ ಯೋಹಾನ್ ಪಾಲಿಸಾ ಅವರು. ಕಂಡ ಕೆಲವು ದಿನಗಳಲ್ಲಿಯೇ ಅದು ಲೋಕದ ಕಣ್ಣಿಗೆ ಮರೆಯಾಯಿತು. ಕಂಡವರ ಜೀವಿತಕಾಲದಲ್ಲಿ ಮತ್ತೆ ಗೋಚರಿಸಲೇ ಇಲ್ಲ. ಛಾಯಾಚಿತ್ರದ ನೆರವನ್ನು ಬಯಸದೆ, ದೂರದರ್ಶಕಕ್ಕೆ ಕಣ್ಣು ಹಚ್ಚಿ ೧೨೨ ಕ್ಷುದ್ರಗ್ರಹಗಳನ್ನು ಪತ್ತೆಮಾಡಿದ ಈ ಮಹನೀಯರ ಜೀವನದಲ್ಲಿ, ಕೈತಪ್ಪಿಹೋದ ಈ ಕಲ್ಲಿಗೆ ಒಂದು ವಿಶೇಷ ಸ್ಥಾನವುಂಟು.

ಪಾಲಿಸಾ ಅವರು ೧೮೪೮ರ ಡಿಸೆಂಬರ್ ೬ರಂದು ಅಂದಿನ ಆಸ್ಟ್ರಿಯ ಸಾಮ್ರಾಜ್ಯಕ್ಕೆ ಸೇರಿದ್ದ ಸೈಲೀಸಿಯ ಪ್ರಾಂತದ ಟ್ರೋಪ್ಪೌ ಎಂಬ ಪಟ್ಟಣದಲ್ಲಿ ಜನಿಸಿದರು. ಆ ಪಟ್ಟಣ ಇಂದು ಓಪಾವಾ ಎಂಬ ಹೆಸರಿನಿಂದ ಚೆಕ್ ಗಣರಾಜ್ಯದಲ್ಲಿದೆ. ೧೮೬೬ರಲ್ಲಿ ಅವರು ವಿಯೆನ್ನಾ ವಿಶ್ವವಿದ್ಯಾಲಯವನ್ನು ಸೇರಿ ಗಣಿತವನ್ನೂ ಖಗೋಳಶಾಸ್ತ್ರವನ್ನೂ ಅಭ್ಯಾಸಮಾಡಿದರು. ನಾಲ್ಕು ವರ್ಷಗಳ ವ್ಯಾಸಂಗದ ಬಳಿಕವೂ ಪದವಿಯನ್ನು ಪಡೆಯಲಿಲ್ಲ. ಆದಾಗ್ಯೂ ೧೮೭೦ರಲ್ಲಿ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಸಹಾಯಕರಾಗಿ ನೇಮಕಗೊಂಡರು. ಮರುವರ್ಷ ಸ್ವಿಟ್ಜರ್ಲೆಂಡಿನ ಜಿನೀವಾ ವೀಕ್ಷಣಾಲಯದಲ್ಲಿ ಕೆಲಸ ದೊರೆಯಿತು. ಪದವಿ ಅವರ ಕೈಸೇರಿದ್ದು ೧೮೮೪ರಲ್ಲಿ. ಆ ಹೊತ್ತಿಗೆ ಅವರು ಮೂವತ್ತಕ್ಕೂ ಹೆಚ್ಚು ಕ್ಷುದ್ರಗ್ರಹಗಳನ್ನು ಕಂಡುಹಿಡಿದು ಯುರೋಪಿನ ಖಗೋಳಜ್ಞರ ನಡುವೆ ಹೆಸರುವಾಸಿಯಾಗಿದ್ದರು. ಪರೀಕ್ಷಕರ ಸ್ಥಿತಿ ಅಂದು ಸ್ವಲ್ಪ ಸಂಕೋಚಕ್ಕೆ ಎಡೆಮಾಡಿದ್ದರೆ ಆಶ್ಚರ್ಯವಿಲ್ಲ.

೧೮೭೨ರಲ್ಲಿ, ಇಪ್ಪತ್ತನಾಲ್ಕು ತುಂಬುವ ವಯಸ್ಸಿನಲ್ಲಿ, ಅವರು ಪೋಲಾ ನಗರದ ಆಸ್ಟ್ರಿಯನ್ ನೌಕಾದಳದ ವೀಕ್ಷಣಾಲಯಕ್ಕೆ ನಿರ್ದೇಶಕರಾದರು. ಏಡ್ರಿಯಾಟಿಕ್ ಸಮುದ್ರದ ತೀರದಲ್ಲಿರುವ ಈ ನಗರ ಅಂದು ಸಾಮ್ರಾಜ್ಯದ ಮುಖ್ಯ ನೌಕಾನೆಲೆಯಾಗಿತ್ತು; ಇಂದು ಅದು ಪೂಲಾ ಎಂಬ ಹೆಸರಿನ ಕ್ರೊಯೇಷಿಯದ ಊರು. ಅಲ್ಲಿ ಪಾಲಿಸಾ ಅವರು ಬಳಸಿದ್ದು ಕೇವಲ ೬ ಅಂಗುಲ ವ್ಯಾಸದ ಮಸೂರವನ್ನುಳ್ಳ ದೂರದರ್ಶಕ. ಇಂದು ಆಸಕ್ತಿಯುಳ್ಳ ಹವ್ಯಾಸಿಗಳ ಮನೆಗಳಲ್ಲಿಯೂ ಅದಕ್ಕೆ ಸಮನಾದ ಉಪಕರಣಗಳಿವೆ. ಈ ಸಣ್ಣ ಉಪಕರಣದಿಂದಲೇ ೧೮೭೪ರ ಮಾರ್ಚ್ ೧೮ರ ರಾತ್ರಿ ತಮ್ಮ ಪ್ರಥಮ ಕ್ಷುದ್ರಗ್ರಹವನ್ನು ಕಂಡರು. ಕ್ರಮಾಂಕದಲ್ಲಿ ೧೩೬ನೆಯದಾದ ಅದಕ್ಕೆ ತಾಯ್ನಾಡಿನ ಹೆಸರಾದ ಆಸ್ಟ್ರಿಯ ಎಂಬುದನ್ನೇ ಇಡಲಾಯಿತು. ಮುಂದಿನ ವರ್ಷ ದೊರೆತ ೧೪೨ನೆಯದಕ್ಕೆ ನಗರದ ನೆನಪಿಗಾಗಿ ಪೋಲಾನಾ ಎಂದೂ, ೧೪೩ನೆಯದಕ್ಕೆ ಸಮುದ್ರದ ನೆನಪಿಗಾಗಿ ಏಡ್ರಿಯಾ ಎಂದೂ ಹೆಸರುಗಳಾದವು. ಪೋಲಾದಲ್ಲಿದ್ದ ಎಂಟು ವರ್ಷಗಳಲ್ಲಿ ೨೮ ಕ್ಷುದ್ರಗ್ರಹಗಳೂ ಒಂದು ಧೂಮಕೇತುವೂ ಅವರ ಕಣ್ಣಿಗೆ ಬಿದ್ದವು.

ಈ ಕೆಲಸ ಎಂತಹುದೆಂಬುದನ್ನು ಸ್ವಲ್ಪ ವಿವರವಾಗಿ ತಿಳಿಯದೆ ಪಾಲಿಸಾ ಅವರ ಹಿರಿಮೆ ಮನಗಾಣುವುದಿಲ್ಲ. ಸಿಸಿಲಿಯ ಪಿಯಾಟ್ಸಿ ಎಂಬ ಖಗೋಳಜ್ಞರು ೧೮೦೧ರ ಜನವರಿ ೧ರಂದು ಸೀರೀಸ್ ಎಂಬ ಮೊದಲ ಕ್ಷುದ್ರಗ್ರಹವನ್ನು ಕಂಡಂದಿನಿಂದ ಈ ಶೋಧಕ್ಕೆ ಇದ್ದ ಮಾರ್ಗ ಒಂದೇ. ಕ್ಷುದ್ರಗ್ರಹವು ದೂರದರ್ಶಕದಲ್ಲಿ ಬಿಲ್ಲೆಯಾಗಿ ಕಾಣುವುದಿಲ್ಲ. ನಕ್ಷತ್ರದಂತೆಯೇ ಅದೂ ಒಂದು ಚುಕ್ಕೆ. ಇವೆರಡಕ್ಕೂ ಇರುವ ಭೇದವೆಂದರೆ, ನಕ್ಷತ್ರವು ತನ್ನ ನೆರೆಯ ನಕ್ಷತ್ರಗಳ ನಡುವೆ ನಿಂತಲ್ಲಿಯೇ ನಿಂತಿರುತ್ತದೆ. ಕ್ಷುದ್ರಗ್ರಹವು ಮೆಲ್ಲನೆ ಸರಿಯುತ್ತದೆ. ಆದುದರಿಂದ ಗ್ರಹಗಳು ಸಂಚರಿಸುವ ಕ್ರಾಂತಿವೃತ್ತದ ಆಸುಪಾಸಿನ ಆಕಾಶವನ್ನು ತುಂಡುತುಂಡಾಗಿ ವಿಭಾಗಿಸಿ, ಪ್ರತಿಯೊಂದು ತುಂಡಿನಲ್ಲಿಯೂ ಕಾಣುವ ಮಸುಕಾದ ಚುಕ್ಕೆಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಬೇಕು. ಬಳಿಕ ನಕ್ಷೆಯನ್ನೂ ಆಕಾಶವನ್ನೂ ಹೋಲಿಸಿ ನೋಡುತ್ತಿರಬೇಕು. ನಕ್ಷೆಯಲ್ಲಿಲ್ಲದ ಚುಕ್ಕೆಯೊಂದು ಕಂಡರೆ, ಅದು ನಕ್ಷೆಗಾರನ ತಪ್ಪೋ ಹೊಸ ಕಾಯವೋ ಎಂಬುದನ್ನು ನಿರ್ಧರಿಸಲು ಗಂಟೆಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಮೋಡ ಕವಿಯಬಹುದು, ಚಂದ್ರೋದಯವಾಗಬಹುದು. ನಿಜವಾಗಿಯೂ ಅದು ಸರಿದದ್ದಾದರೆ ಕೂಡಲೇ ಅದರ ಸ್ಥಾನವನ್ನು ಸೂಕ್ಷ್ಮಮಾಪಕದಿಂದ ಅಳೆದು ಗಣಿತಜ್ಞರಿಗೆ ಒಪ್ಪಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆ ಅದು ಹಿಂದೆಯೇ ಯಾರೋ ಕಂಡಿದ್ದ ಹಳೆಯ ಕ್ಷುದ್ರಗ್ರಹವೆಂದು ತಿಳಿದುಬರುವುದೂ ಉಂಟು. ಚಳಿಗಾಲದ ಯುರೋಪಿನಲ್ಲಿ, ಬೆಂಕಿಯ ಕಾವನ್ನು ಹತ್ತಿರ ಸೇರಿಸಲಾಗದ ತೆರೆದ ಗುಮ್ಮಟದ ಕೆಳಗೆ ಈ ಕೆಲಸವನ್ನು ಐವತ್ತು ವರ್ಷ ಮಾಡುವುದೆಂದರೆ ಸಾಮಾನ್ಯ ಮಾತಲ್ಲ.

ಕಾಣುವುದಕ್ಕಿಂತ ಕಂಡದ್ದನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಒಂದು ಕಾಯದ ಕಕ್ಷೆಯನ್ನು ಗಣಿಸಲು ಕನಿಷ್ಠ ಮೂರು ಬೇರೆ ಬೇರೆ ರಾತ್ರಿಗಳ ಅಳತೆಗಳು ಬೇಕು. ಅವುಗಳ ನಡುವಣ ಅಂತರ ಹೆಚ್ಚಿದಷ್ಟೂ ಗಣನೆ ದೃಢವಾಗುತ್ತದೆ. ಕೆಲವೇ ದಿನಗಳ ಅಳತೆಯಿಂದ ವರ್ಷಗಳ ಹಾದಿಯನ್ನು ಊಹಿಸುವುದೆಂದರೆ, ಬಂಡಿಯ ಗಾಲಿ ಒಂದು ಮಾರು ಉರುಳಿದ ಗುರುತನ್ನು ನೋಡಿ ಬಂಡಿ ಯಾವ ಊರಿಗೆ ಹೋಯಿತೆಂದು ಹೇಳಿದಂತೆ. ಪಾಲಿಸಾ ಅವರ ಭಾಗ್ಯದಿಂದ ವಿಯೆನ್ನಾದಲ್ಲಿ ಥಿಯೊಡೊರ್ ಫಾನ್ ಒಪ್ಪೋಲ್ಟ್ಸರ್ ಅವರಂತಹ ಗಣಿತ ಪ್ರವೀಣರಿದ್ದರು. ೧೮೭೫ರ ನವೆಂಬರ್ ೨ರಂದು ಪಾಲಿಸಾ ಕಂಡ ೧೫೩ನೆಯ ಕ್ಷುದ್ರಗ್ರಹಕ್ಕೆ ಒಪ್ಪೋಲ್ಟ್ಸರ್ ಅವರು ತಮ್ಮ ಮಗಳ ಹೆಸರಾದ ಹಿಲ್ಡಾ ಎಂಬುದನ್ನು ಇಟ್ಟರು. ಆದರೆ ಎಲ್ಲ ಸಲವೂ ಅದೃಷ್ಟ ಹೀಗೆ ಒಲಿಯಲಿಲ್ಲ. ಅದೇ ತಿಂಗಳ ೮ರಂದು ಕಂಡ ೧೫೫ನೆಯ ಸಿಲ್ಲಾ ಎಂಬುದು ಸಾಕಷ್ಟು ಅಳತೆಗಳಿಗೆ ಸಿಕ್ಕದೆ ಕಳೆದುಹೋಗಿ, ೧೯೭೦ರಲ್ಲಿ ಸ್ವಿಟ್ಜರ್ಲೆಂಡಿನ ಪೌಲ್ ವಿಲ್ಡ್ ಅವರಿಗೆ ಪುನಃ ದೊರೆಯಿತು.

೧೮೮೦ರಲ್ಲಿ ಪಾಲಿಸಾ ಅವರು ಪೋಲಾವನ್ನು ಬಿಟ್ಟು ವಿಯೆನ್ನಾಕ್ಕೆ ಬಂದರು. ಬಿಟ್ಟದ್ದು ನಿರ್ದೇಶಕ ಪದವಿ. ಸೇರಿದ್ದು ಎಡ್ಮಂಡ್ ವೈಸ್ ಅವರು ನಿರ್ದೇಶಕರಾಗಿದ್ದ ವೀಕ್ಷಣಾಲಯದ ಕೈಕೆಳಗಿನ ಹುದ್ದೆ. ಲೌಕಿಕ ದೃಷ್ಟಿಯಿಂದ ನೋಡುವವರಿಗೆ ಇದು ಹಿಂದಿಟ್ಟ ಹೆಜ್ಜೆಯಾಗಿ ಕಾಣಬಹುದು. ಆದರೆ ಪೋಲಾದಲ್ಲಿ ಇದ್ದದ್ದು ೬ ಅಂಗುಲದ ಮಸೂರ. ವಿಯೆನ್ನಾದ ಹೊಸ ವೀಕ್ಷಣಾಲಯಕ್ಕಾಗಿ ಡಬ್ಲಿನ್ ನಗರದ ಗ್ರಬ್ ಅವರ ಕಾರ್ಯಾಲಯದಲ್ಲಿ ಸಿದ್ಧವಾಗುತ್ತಿದ್ದುದು ೨೭ ಅಂಗುಲದ್ದು. ಪೂರ್ಣಗೊಂಡಾಗ ಅದು ತನ್ನ ಬಗೆಯ ದೂರದರ್ಶಕಗಳಲ್ಲಿ ಜಗತ್ತಿಗೇ ದೊಡ್ಡದಾಗಿತ್ತು. ೧೮೮೩ರಲ್ಲಿ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಅವರಿಂದ ಈ ವೀಕ್ಷಣಾಲಯದ ಪ್ರಾರಂಭೋತ್ಸವವಾಯಿತು. ಪಾಲಿಸಾ ಅವರ ಉಳಿದ ೯೪ ಶೋಧಗಳೆಲ್ಲವೂ ವಿಯೆನ್ನಾದಲ್ಲಿ ಆದವು.

ಅದೇ ೧೮೮೩ರಲ್ಲಿ ಅವರು ಒಂದು ದೀರ್ಘ ಪ್ರವಾಸವನ್ನೂ ಕೈಗೊಂಡರು. ಮೇ ೬ರಂದು ಶಾಂತಸಾಗರದ ನಡುವೆ ಸಂಭವಿಸಲಿದ್ದ ಪೂರ್ಣ ಸೂರ್ಯಗ್ರಹಣವನ್ನು ವೀಕ್ಷಿಸಲು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಯಾನ್ಸೆನ್ ಅವರ ನೇತೃತ್ವದಲ್ಲಿ ಕಳುಹಿಸಿದ ತಂಡದಲ್ಲಿ ಪಾಲಿಸಾ ಅವರೂ ಸೇರಿದ್ದರು. ತಂಡವು ಇಳಿದದ್ದು ಕೆರೊಲಿನ್ ಎಂಬ ಹವಳದ ದ್ವೀಪದಲ್ಲಿ. ಬುಧಗ್ರಹದ ಚಲನೆಯಲ್ಲಿ ಕಂಡುಬಂದಿದ್ದ ಒಂದು ಸೂಕ್ಷ್ಮ ವ್ಯತ್ಯಾಸಕ್ಕೆ, ಅದಕ್ಕಿಂತ ಸೂರ್ಯನಿಗೆ ಸಮೀಪದಲ್ಲಿ ಇನ್ನೊಂದು ಗ್ರಹವಿರುವುದೇ ಕಾರಣವೆಂದು ಫ್ರಾನ್ಸಿನ ಲವೆರ‍್ಯೆ ಅವರು ಪ್ರತಿಪಾದಿಸಿ ಅದಕ್ಕೆ ವಲ್ಕನ್ ಎಂಬ ಹೆಸರೂ ಬಂದಿತ್ತು. ೧೮೭೮ರ ಗ್ರಹಣದಲ್ಲಿ ಅದನ್ನು ಕಂಡೆವೆಂದು ಹೇಳಿದವರೂ ಇದ್ದರು. ಸೂರ್ಯನ ಪ್ರಖರತೆಯಲ್ಲಿ ಮುಚ್ಚಿಹೋಗುವ ಅಂತಹ ಗ್ರಹವನ್ನು ಹುಡುಕಲು ಗ್ರಹಣದ ಕತ್ತಲೆಯೇ ತಕ್ಕ ಸಮಯ. ಐದು ನಿಮಿಷಗಳಿಗೂ ಮೀರಿದ ಆ ಕತ್ತಲೆಯಲ್ಲಿ ಪಾಲಿಸಾ ಅವರು ಸೂರ್ಯನ ಸುತ್ತಲಿನ ಆಕಾಶವನ್ನು ಶೋಧಿಸಿದರು, ವಲ್ಕನ್ ಕಾಣಲಿಲ್ಲ. ಕಾಣಲಿಲ್ಲವೆಂಬುದನ್ನು ಹಾಗೆಯೇ ವರದಿಮಾಡಿದರು. ಯುರೋಪಿನಲ್ಲಿ ಅತ್ಯಂತ ಪಳಗಿದ ಶೋಧಕನ ಕಣ್ಣಿಗೆ ಕಾಣಲಿಲ್ಲವೆಂಬ ಈ ಸಾಕ್ಷ್ಯ ವಲ್ಕನ್ನಿನ ಮೇಲಣ ನಂಬಿಕೆಯನ್ನು ಸಡಿಲಗೊಳಿಸಿದವುಗಳಲ್ಲಿ ಒಂದು. ಬುಧನ ಚಲನೆಯ ನಿಜವಾದ ಕಾರಣ ತಿಳಿದದ್ದು ೧೯೧೫ರಲ್ಲಿ, ಐನ್‌ಸ್ಟೈನರ ಸಿದ್ಧಾಂತದಿಂದ. ದ್ವೀಪದಲ್ಲಿ ಬಿಡುವಾದಾಗ ಪಾಲಿಸಾ ಅವರು ಕೀಟಗಳನ್ನು ಸಂಗ್ರಹಿಸಿ ವಿಯೆನ್ನಾದ ಪ್ರಾಕೃತಿಕ ವಸ್ತುಸಂಗ್ರಹಾಲಯಕ್ಕೆ ತಂದುಕೊಟ್ಟರೆಂಬುದೂ ಇಲ್ಲಿ ಹೇಳತಕ್ಕ ಸಂಗತಿ.

ವಿಯೆನ್ನಾಕ್ಕೆ ಮರಳಿದ ಮೇಲಿನ ವರ್ಷಗಳು ಅವರ ಸುಗ್ಗಿಯ ಕಾಲ. ೧೮೮೪ರ ಸೆಪ್ಟೆಂಬರ್ ೨೯ರಂದು ಕಂಡ ೨೪೩ನೆಯದು ಐಡಾ. ಅದಾದ ಎರಡು ವಾರಗಳಲ್ಲಿ, ಅಕ್ಟೋಬರ್ ೧೪ರಂದು ಕಂಡ ೨೪೪ನೆಯದಕ್ಕೆ ಸೀತಾ ಎಂದು ಹೆಸರಾಯಿತು. ಗ್ರೀಕ್ ಮತ್ತು ರೋಮನ್ ದೇವತೆಗಳ ಹೆಸರುಗಳು ಮುಗಿಯುತ್ತ ಬಂದಿದ್ದ ಕಾಲದಲ್ಲಿ, ರಾಮಾಯಣದ ಜಾನಕಿಯ ಹೆಸರು ವಿಯೆನ್ನಾದ ಆಕಾಶದಲ್ಲಿ ದೊರೆತ ಒಂದು ಕಲ್ಲಿಗೆ ಸಂದಿತೆಂಬುದು ಭಾರತೀಯರಿಗೆ ಸಂತೋಷವನ್ನುಂಟುಮಾಡುವ ವಿಷಯ. ೧೮೮೫ರ ನವೆಂಬರಿನಲ್ಲಿ ದೊರೆತ ೨೫೩ನೆಯದು ಮಟಿಲ್ಡಾ. ೧೮೯೨ರಲ್ಲಿ ದೊರೆತ ೩೨೪ನೆಯದು ಬಾಂಬೆರ್ಗಾ. ಇಲ್ಲೆಲ್ಲ ಬರಿಯ ಹೆಸರುಗಳ ಪಟ್ಟಿಯನ್ನು ಬೆಳೆಸುವುದರಿಂದ ಪ್ರಯೋಜನವಿಲ್ಲ. ಆದರೆ ೨೫೦ನೆಯದನ್ನು ಕುರಿತು ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ.

೧೮೮೬ರ ಆಗಸ್ಟಿನಲ್ಲಿ ಇನ್ನೊಂದು ಪೂರ್ಣ ಸೂರ್ಯಗ್ರಹಣವಿತ್ತು. ಅದಕ್ಕಾಗಿ ಪ್ರಯಾಣ ಹೊರಡಲು ಪಾಲಿಸಾ ಅವರಲ್ಲಿ ಹಣವಿರಲಿಲ್ಲ. ಆಗ ಅವರು ಒಂದು ಉಪಾಯವನ್ನು ಹೂಡಿದರು. ಹೊಸದಾಗಿ ಕಂಡುಹಿಡಿದ ಕ್ಷುದ್ರಗ್ರಹಕ್ಕೆ ಹೆಸರಿಡುವ ಹಕ್ಕು ಕಂಡವನದು. ಈ ಹಕ್ಕನ್ನು ೫೦ ಪೌಂಡುಗಳಿಗೆ ಬಿಟ್ಟುಕೊಡುವುದಾಗಿ ೧೮೮೫ರಲ್ಲಿ ಇಂಗ್ಲೆಂಡಿನ ಒಂದು ಖಗೋಳ ಪತ್ರಿಕೆಯ ಮೂಲಕ ಪ್ರಕಟಿಸಿದರು. ಆಕಾಶವನ್ನೇ ಮಾರಾಟಕ್ಕಿಟ್ಟಂತಾಯಿತೆಂದು ಹುಬ್ಬು ಗಂಟಿಕ್ಕುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಪಾಲಿಸಾ ಅವರು ಆ ಹಣವನ್ನು ಬಯಸಿದ್ದು ಸ್ವಂತ ಸುಖಕ್ಕಲ್ಲವೆಂಬುದನ್ನು ನೆನೆದರೆ ಸಾಕು. ವಿದ್ಯಾಸಂಸ್ಥೆಗಳನ್ನು ಕಟ್ಟಿದವರೆಲ್ಲರೂ ಬಲ್ಲ ಸತ್ಯವೊಂದಿದೆ: ಜ್ಞಾನದ ಕೆಲಸಕ್ಕೂ ಯಾರಾದರೊಬ್ಬರು ಬುತ್ತಿ ಕಟ್ಟಿಕೊಡಬೇಕು. ಹಕ್ಕನ್ನು ಕೊಂಡವರು ವಿಯೆನ್ನಾದ ಪ್ರಸಿದ್ಧ ಲೇವಾದೇವಿಗಾರರಾದ ಬ್ಯಾರನ್ ಆಲ್ಬರ್ಟ್ ಫಾನ್ ರೋಥ್‌ಶೀಲ್ಡ್ ಅವರು. ತಮ್ಮ ಪತ್ನಿ ಬೆಟ್ಟೀನಾ ಅವರ ಹೆಸರನ್ನು ೧೮೮೫ರ ಸೆಪ್ಟೆಂಬರ್ ೩ರಂದು ದೊರೆತಿದ್ದ ೨೫೦ನೆಯ ಕ್ಷುದ್ರಗ್ರಹಕ್ಕೆ ಇಡಿಸಿದರು. ಬ್ಯಾರನ್ ಅವರ ಔದಾರ್ಯ ಅಲ್ಲಿಗೆ ನಿಲ್ಲಲಿಲ್ಲ; ಮುಂದೆಯೂ ಅವರು ವಿಯೆನ್ನಾ ವೀಕ್ಷಣಾಲಯಕ್ಕೆ ದಾನಿಗಳಾಗಿ ಉಳಿದರು. ಬೆಟ್ಟೀನಾ ಅವರು ೧೮೯೨ರಲ್ಲಿ ಕಿರುವಯಸ್ಸಿನಲ್ಲಿಯೇ ತೀರಿಕೊಂಡರು. ಅವರ ಹೆಸರಿನ ಕ್ಷುದ್ರಗ್ರಹ ಮಾತ್ರ ಮಂಗಳ ಗುರುಗಳ ನಡುವೆ ತನ್ನ ನೆಲೆಯಲ್ಲಿ ಸುತ್ತುತ್ತಲೇ ಇತ್ತು.

೧೮೯೧ರ ಡಿಸೆಂಬರಿನಲ್ಲಿ ಈ ಶಾಸ್ತ್ರದ ರೀತಿಯೇ ಬದಲಾಯಿತು. ಜರ್ಮನಿಯ ಹೈಡೆಲ್ಬೆರ್ಗ್ ನಗರದ ಮ್ಯಾಕ್ಸ್ ವೋಲ್ಫ್ ಎಂಬ ತರುಣರು ಆಕಾಶದ ಛಾಯಾಚಿತ್ರವನ್ನು ತೆಗೆದು ಅದರಲ್ಲಿ ೩೨೩ನೆಯ ಕ್ಷುದ್ರಗ್ರಹವನ್ನು ಕಂಡುಹಿಡಿದರು. ಗಂಟೆಗಟ್ಟಲೆ ತೆರೆದಿಟ್ಟ ಫಲಕದ ಮೇಲೆ ನಕ್ಷತ್ರಗಳು ಚುಕ್ಕೆಗಳಾಗಿ ಮೂಡಿದರೆ, ಸರಿಯುವ ಕ್ಷುದ್ರಗ್ರಹ ಕಿರುಗೆರೆಯಾಗಿ ಮೂಡುತ್ತದೆ. ನಕ್ಷೆ ಬರೆಯುವ ಶ್ರಮವಿಲ್ಲ, ಕಾಯುವ ತೊಂದರೆಯಿಲ್ಲ. ವೋಲ್ಫ್ ಒಬ್ಬರೇ ತಮ್ಮ ಜೀವಮಾನದಲ್ಲಿ ೨೪೮ ಕ್ಷುದ್ರಗ್ರಹಗಳನ್ನು ಈ ವಿಧಾನದಿಂದ ಪಡೆದರು. ಇಪ್ಪತ್ತು ವರ್ಷ ಕಣ್ಣನ್ನೇ ಸವೆಸಿದವರಿಗೆ ಇಂತಹ ಸುದ್ದಿ ಹೇಗೆ ಕೇಳಿಸಿರಬಹುದೆಂದು ಯಾರಾದರೂ ಊಹಿಸಬಹುದು. ಆದರೆ ಪಾಲಿಸಾ ಅವರು ಹೊಸ ವಿಧಾನದ ಮೇಲೆ ಮುನಿಯಲಿಲ್ಲ. ತಮ್ಮ ಹಳೆಯದನ್ನು ಬಿಡಲೂ ಇಲ್ಲ. ಫಲಕದ ಮೇಲೆ ಗೆರೆ ಮೂಡಿದ ಮಾತ್ರಕ್ಕೆ ಕಕ್ಷೆ ದೊರೆಯದಷ್ಟೆ. ಮುಂದಿನ ರಾತ್ರಿಗಳಲ್ಲಿ ಆ ಕಾಯವನ್ನು ಬಿಡದೆ ಹಿಂಬಾಲಿಸಿ ಅಳೆಯಬೇಕು. ಅದಕ್ಕೆ ವಿಯೆನ್ನಾದ ದೊಡ್ಡ ಮಸೂರವೂ ಅದರ ಹಿಂದಿನ ಪಳಗಿದ ಕಣ್ಣೂ ಬೇಕಾಯಿತು. ವಯಸ್ಸಿನಲ್ಲಿ ಹದಿನಾಲ್ಕು ವರ್ಷ ಕಿರಿಯರಾದ ವೋಲ್ಫ್ ಅವರೊಡನೆ ಕೂಡಿ ಪಾಲಿಸಾ ಅವರು ಛಾಯಾಚಿತ್ರಗಳ ಆಧಾರದಿಂದ ನಕ್ಷತ್ರ ನಕ್ಷೆಗಳನ್ನು ಸಿದ್ಧಪಡಿಸಿದರು. ಪಾಲಿಸಾ-ವೋಲ್ಫ್ ನಕ್ಷೆಗಳೆಂಬ ಹೆಸರಿನಲ್ಲಿ ಅವು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕ್ಷುದ್ರಗ್ರಹ ಶೋಧಕರ ಕೈಪಿಡಿಗಳಾದವು. ೧೯೧೬ರಲ್ಲಿ ತಾವು ಕಂಡ ೮೨೭ನೆಯದಕ್ಕೆ ಪಾಲಿಸಾ ಅವರು ಗೆಳೆಯನ ನೆನಪಿಗೆ ವೋಲ್ಫಿಯಾನಾ ಎಂದು ಹೆಸರಿಟ್ಟರೆ, ೧೯೧೯ರಲ್ಲಿ ವೋಲ್ಫ್ ಅವರು ಕಂಡ ೯೧೪ನೆಯದು ಪಾಲಿಸಾನಾ ಆಯಿತು. ಪ್ರತಿಸ್ಪರ್ಧಿಗಳಾಗಬಹುದಾಗಿದ್ದ ಇಬ್ಬರ ಹೆಸರುಗಳು ಹೀಗೆ ಆಕಾಶದಲ್ಲಿ ಪರಸ್ಪರ ಕಾಣಿಕೆಗಳಾಗಿ ಉಳಿದಿವೆ. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ೧೯೦೬ರಲ್ಲಿ ಪಾಲಿಸಾ ಅವರಿಗೆ ವಾಲ್ಜ್ ಪಾರಿತೋಷಕವನ್ನಿತ್ತು ಗೌರವಿಸಿತು.

೧೯೧೧ರ ಫೆಬ್ರುವರಿಯಲ್ಲಿ ಬ್ಯಾರನ್ ಆಲ್ಬರ್ಟ್ ಅವರು ನಿಧನಹೊಂದಿದರು. ಅದೇ ವರ್ಷದ ಅಕ್ಟೋಬರ್ ೩ರ ರಾತ್ರಿ, ಅರವತ್ತೆರಡು ವರ್ಷ ವಯಸ್ಸಿನ ಪಾಲಿಸಾ ಅವರ ಕಣ್ಣಿಗೆ ಹೊಸದೊಂದು ಚುಕ್ಕೆ ಬಿದ್ದಿತು. ಮರುರಾತ್ರಿಯೂ ಅದನ್ನು ಕಂಡು ಅಳೆದರು. ಅದರ ನಡಿಗೆ ಸಾಧಾರಣ ಕ್ಷುದ್ರಗ್ರಹಗಳ ನಡಿಗೆಯಾಗಿರಲಿಲ್ಲ. ಭೂಮಿಯ ಸಮೀಪದಲ್ಲಿ ಹಾದುಹೋಗುವ ಕಾಯದ ಶೀಘ್ರಗತಿ ಅದರಲ್ಲಿತ್ತು. ಅಂತಹವುಗಳಲ್ಲಿ ಅಂದಿಗೆ ತಿಳಿದಿದ್ದುದು ೧೮೯೮ರಲ್ಲಿ ಬರ್ಲಿನ್ನಿನ ಗುಸ್ತಾವ್ ವಿಟ್ ಕಂಡಿದ್ದ ಈರಾಸ್ ಒಂದೇ. ಆದುದರಿಂದ ಇದು ಪಾಲಿಸಾ ಅವರ ನೂರಾರು ಶೋಧಗಳಲ್ಲಿ ಒಂದಾಗಿರದೆ, ಬಹುಶಃ ಅವೆಲ್ಲಕ್ಕಿಂತ ಅಪೂರ್ವವಾದ ಶೋಧವಾಗಿತ್ತು. ಆದರೆ ಚಂದ್ರನು ಹುಣ್ಣಿಮೆಯ ಕಡೆಗೆ ಬೆಳೆಯುತ್ತಿದ್ದನು; ಬೆಳದಿಂಗಳಿನಲ್ಲಿ ಮಸುಕಾದ ಚುಕ್ಕೆಗಳು ಅಡಗಿಹೋಗುತ್ತವೆ. ಕಾಯವೂ ದಿನದಿನಕ್ಕೆ ಮಂಕಾಗುತ್ತ ನಡೆಯಿತು. ಬೇರೆ ಕೆಲವು ವೀಕ್ಷಣಾಲಯಗಳಿಂದ ಕೆಲವೇ ಅಳತೆಗಳು ಕೂಡಿಬಂದವು. ಅಷ್ಟರೊಳಗೆ ಅದು ದೃಷ್ಟಿಪಥದಿಂದ ಆಚೆಗೆ ಸರಿದುಹೋಯಿತು. ವೀಕ್ಷಣಾಲಯದ ಅಗಲಿದ ದಾನಿಯ ಸ್ಮರಣೆಗಾಗಿ ಇದಕ್ಕೆ ಆಲ್ಬರ್ಟ್ ಎಂದು ಹೆಸರಿಡಲಾಯಿತು. ಪಟ್ಟಿಯಲ್ಲಿ ೭೧೯ನೆಯ ಕ್ರಮಾಂಕವೂ ದೊರೆಯಿತು. ಹೆಸರಿತ್ತು, ಅಂಕಿಯಿತ್ತು, ಕಾಯ ಮಾತ್ರ ಎಲ್ಲಿಯೂ ಇರಲಿಲ್ಲ. ಪತ್ನಿಯ ಹೆಸರಿನದು ಪ್ರತಿವರ್ಷವೂ ಗಣನೆಗೆ ತಪ್ಪದೆ ಸಿಕ್ಕುತ್ತಿರಲು, ಪತಿಯ ಹೆಸರಿನದು ನಾಪತ್ತೆಯಾಯಿತು.

ಏಕೆ ಹೀಗಾಯಿತೆಂಬುದು ಈಗ ಸ್ಪಷ್ಟವಾಗಿದೆ. ಆಲ್ಬರ್ಟ್ ಸೂರ್ಯನಿಗೆ ಅತಿ ಸಮೀಪದಲ್ಲಿರುವಾಗ ಸುಮಾರು ೧೭.೮ ಕೋಟಿ ಕಿಲೋಮೀಟರು ದೂರದಲ್ಲಿರುತ್ತದೆ; ಅತಿ ದೂರ ಹೋದಾಗ ೬೧ ಕೋಟಿಯನ್ನು ಮುಟ್ಟುತ್ತದೆ. ಮಂಗಳನ ಸರಾಸರಿ ದೂರ ೨೨.೮ ಕೋಟಿ, ಭೂಮಿಯದು ೧೫ ಕೋಟಿ. ಎಂದರೆ ಅದು ಮಂಗಳನ ಕಕ್ಷೆಯನ್ನು ದಾಟಿ ಒಳಬರುತ್ತದೆ, ಭೂಮಿಯ ಕಕ್ಷೆಯನ್ನು ಮುಟ್ಟದೆ ಹಿಂದಿರುಗುತ್ತದೆ. ಇಷ್ಟು ನೀಳವಾದ ಹಾದಿಯಲ್ಲಿ ಬಹುಕಾಲವನ್ನು ಕಳೆಯುವುದು ದೂರದ ತುದಿಯಲ್ಲಿ. ಅಲ್ಲಿದ್ದಾಗ ಎರಡೂವರೆ ಕಿಲೋಮೀಟರಿನ ಕಲ್ಲು ಅಂದಿನ ಯಾವ ದೂರದರ್ಶಕಕ್ಕೂ ಕಾಣುವಂತಿರಲಿಲ್ಲ. ೧೯೧೧ರ ಅಲ್ಪ ಅಳತೆಗಳಿಂದ ಅದರ ಒಂದು ಪ್ರದಕ್ಷಿಣೆಗೆ ಸುಮಾರು ೪.೧ ವರ್ಷಗಳೆಂದು ಗಣಿಸಿದ್ದರು. ನಿಜವಾದ ಕಾಲ ೪.೨೮ ವರ್ಷ. ನೋಡಲು ಅತ್ಯಲ್ಪವಾದ ಈ ವ್ಯತ್ಯಾಸ ಒಂದು ಸುತ್ತಿಗೆ ಎರಡು ತಿಂಗಳಿಗೂ ಹೆಚ್ಚು; ಐದಾರು ಸುತ್ತುಗಳಲ್ಲಿ ಒಂದು ವರ್ಷವೇ ಆಗಿಬಿಡುತ್ತದೆ. ಹುಡುಕುವವರು ಬಾಗಿಲಲ್ಲಿ ಕಾದು ನಿಂತಾಗ ಅತಿಥಿಯು ಇನ್ನೂ ದೂರದ ಹಾದಿಯಲ್ಲಿರುತ್ತಿದ್ದನು. ಅಲ್ಲದೆ ಏಳು ಸುತ್ತುಗಳಿಗೆ ಬಹುತೇಕ ಮೂವತ್ತು ವರ್ಷಗಳಾಗುವುದರಿಂದ, ಭೂಮಿಗೆ ಸಮೀಪವಾಗಿ ಚೆನ್ನಾಗಿ ಕಾಣುವ ಸಂದರ್ಭ ಅದಕ್ಕೆ ಒದಗುವುದು ಮೂವತ್ತು ವರ್ಷಗಳಿಗೊಮ್ಮೆ.

ಪಾಲಿಸಾ ಅವರಿಗೆ ಅಷ್ಟು ಕಾಲ ಉಳಿದಿರಲಿಲ್ಲ. ೧೯೧೪ರಿಂದ ನಾಲ್ಕು ವರ್ಷ ಮಹಾಯುದ್ಧ ನಡೆಯಿತು. ೧೯೧೮ರಲ್ಲಿ ಸಾಮ್ರಾಜ್ಯವು ಕುಸಿದುಬಿದ್ದಿತು. ಹುಟ್ಟೂರು ಒಂದು ದೇಶದ ಪಾಲಾಯಿತು, ಪೋಲಾ ಇನ್ನೊಂದು ದೇಶದ ಪಾಲಾಯಿತು. ವಿಯೆನ್ನಾದಲ್ಲಿ ಅನ್ನಕ್ಕೂ ಉರುವಲಿಗೂ ಹಾಹಾಕಾರವೆದ್ದಿತು. ೧೯೧೯ರಲ್ಲಿ ನಿವೃತ್ತರಾದ ವೃದ್ಧರು ಆ ಬಳಿಕವೂ ದೂರದರ್ಶಕವನ್ನು ಬಿಡಲಿಲ್ಲ. ೧೯೨೦ರಲ್ಲಿ ದೊರೆತ ೯೩೨ನೆಯ ಕ್ಷುದ್ರಗ್ರಹಕ್ಕೆ ಹೂವರಿಯಾ ಎಂಬ ಹೆಸರಾಯಿತು. ಹಸಿದ ಆಸ್ಟ್ರಿಯಕ್ಕೆ ಆಹಾರವನ್ನು ಒದಗಿಸುವ ಕಾರ್ಯದ ಮುಂದಾಳಾಗಿದ್ದ, ಮುಂದೆ ಅಮೆರಿಕದ ಅಧ್ಯಕ್ಷರಾದ ಹರ್ಬರ್ಟ್ ಹೂವರ್ ಅವರಿಗೆ ಸಲ್ಲಿಸಿದ ಕೃತಜ್ಞತೆ ಅದು. ಕೊಡಲು ಬೇರೇನೂ ಉಳಿಯದಿದ್ದ ನಗರ ತನ್ನ ಆಕಾಶದಿಂದ ಕೊಟ್ಟಿತು. ೧೯೨೩ರ ಸೆಪ್ಟೆಂಬರ್ ೧೪ರಂದು, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಪಾಲಿಸಾ ಅವರು ತಮ್ಮ ಕಡೆಯ ಕ್ಷುದ್ರಗ್ರಹವನ್ನು ಕಂಡರು. ೧೯೨೫ರ ಮೇ ೨ರಂದು ವಿಯೆನ್ನಾದಲ್ಲಿ ದೈವಾಧೀನರಾದರು. ಕೇವಲ ಕಣ್ಣಿನಿಂದ ಅವರಷ್ಟು ಕ್ಷುದ್ರಗ್ರಹಗಳನ್ನು ಕಂಡವರು ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಅವರಿಗೆ ಪ್ರತಿಸ್ಪರ್ಧಿ ಎನ್ನಬಹುದಾಗಿದ್ದ ಅಮೆರಿಕದ ಪೀಟರ್ಸ್ ಅವರ ಸಂಖ್ಯೆ ೪೮. ಚಂದ್ರನ ಮೇಲಣ ಒಂದು ಕುಳಿಗೆ ಪಾಲಿಸಾ ಎಂಬ ಹೆಸರಿದೆ.

ಅವರು ಚುಕ್ಕೆಗಳಾಗಿ ಮಾತ್ರ ಕಂಡಿದ್ದ ಕಾಯಗಳಲ್ಲಿ ಕೆಲವನ್ನು ಮನುಷ್ಯನ ಯಂತ್ರಗಳು ತರುವಾಯ ಹತ್ತಿರದಿಂದ ನೋಡಿದವು. ೧೯೯೩ರ ಆಗಸ್ಟ್ ೨೮ರಂದು ಗೆಲಿಲಿಯೋ ನೌಕೆಯು ಐಡಾದ ಪಕ್ಕದಲ್ಲಿ ಹಾದುಹೋಗಿ ಚಿತ್ರಗಳನ್ನು ಕಳುಹಿಸಿತು. ಅದಕ್ಕೊಂದು ಪುಟ್ಟ ಉಪಗ್ರಹವೂ ಇದ್ದಿತೆಂಬುದು ಆ ಚಿತ್ರಗಳಿಂದ ತಿಳಿದು ಜಗತ್ತು ಬ್ಬೆರಗಾಯಿತು. ೧೯೯೭ರ ಜೂನ್ ೨೭ರಂದು ಇನ್ನೊಂದು ನೌಕೆ ಮಟಿಲ್ಡಾವನ್ನು ಸಮೀಪಿಸಿತು. ಇತ್ತ ಕಳೆದುಹೋಗಿದ್ದ ಕ್ಷುದ್ರಗ್ರಹಗಳೂ ಒಂದೊಂದಾಗಿ ಸಿಕ್ಕುತ್ತ ಬಂದವು. ೧೯೯೧ರ ಬಳಿಕ, ಕ್ರಮಾಂಕ ಪಡೆದೂ ನಾಪತ್ತೆಯಾಗಿದ್ದುದು ಆಲ್ಬರ್ಟ್ ಒಂದೇ. ೧೯೪೧ರಲ್ಲಿ ಅದು ಸಮೀಪಕ್ಕೆ ಬಂದಾಗ ಯುರೋಪು ಎರಡನೆಯ ಮಹಾಯುದ್ಧದಲ್ಲಿ ಮುಳುಗಿತ್ತು. ೧೯೭೧ರಲ್ಲಿಯೂ ಯಾರ ಕಣ್ಣಿಗೂ ಬೀಳದೆ ಬಂದು ಹೋಗಿತ್ತು.

೨೦೦೦ದ ಮೇ ೧ರಂದು ಅಮೆರಿಕದ ಆರಿಜೋನಾ ರಾಜ್ಯದ ಕಿಟ್ ಪೀಕ್ ಶಿಖರದಿಂದ ಆಕಾಶವನ್ನು ಶೋಧಿಸುತ್ತಿದ್ದ ಸ್ಪೇಸ್‌ವಾಚ್ ತಂಡದ ಯಂತ್ರಗಳಿಗೆ ಮಸುಕಾದ ಒಂದು ಕಾಯ ಸಿಕ್ಕಿತು. ಹೊಸದೆಂದು ಭಾವಿಸಿ ಅದಕ್ಕೆ ತಾತ್ಕಾಲಿಕ ಗುರುತನ್ನೂ ಕೊಡಲಾಯಿತು. ಕ್ಷುದ್ರಗ್ರಹ ಕೇಂದ್ರದ ಗ್ಯಾರೆತ್ ವಿಲಿಯಮ್ಸ್ ಅವರು ಅದರ ಕಕ್ಷೆಯನ್ನು ಕಾಲದಲ್ಲಿ ಹಿಂದಕ್ಕೆ ನಡೆಸಿಕೊಂಡು ಹೋದರು. ಎಂಬತ್ತೊಂಬತ್ತು ವರ್ಷಗಳ ಹಿಂದೆ, ಇಪ್ಪತ್ತೊಂದು ಸುತ್ತುಗಳಷ್ಟು ಆಚೆ, ಆ ಹಾದಿಯು ೧೯೧೧ರ ಅಕ್ಟೋಬರಿನ ವಿಯೆನ್ನಾದ ಆಕಾಶವನ್ನು ತಲುಪಿತು. ಪಾಲಿಸಾ ಅವರು ಬೆಳದಿಂಗಳಿನಲ್ಲಿ ಎರಡು ರಾತ್ರಿ ಅಳೆದು ಬರೆದಿಟ್ಟಿದ್ದ ಅಂಕಿಗಳು ಆ ಹಾದಿಯ ಮೇಲೆ ತಮ್ಮ ತಮ್ಮ ಸ್ಥಾನಗಳಲ್ಲಿ ಸರಿಯಾಗಿ ಕುಳಿತವು. ಮರುವರ್ಷ, ೨೦೦೧ರ ಸೆಪ್ಟೆಂಬರಿನಲ್ಲಿ, ಆಲ್ಬರ್ಟ್ ತನ್ನ ಮೂವತ್ತು ವರ್ಷಗಳ ವಾಡಿಕೆಯಂತೆ ಮಂಗಳನ ಕಕ್ಷೆಯನ್ನು ದಾಟಿ ಭೂಮಿಯ ಸಮೀಪಕ್ಕೆ ಬಂದಿತು. ಈ ಸಲ ಅದು ಬರುವ ದಿನವೂ ದಾರಿಯೂ ಮುಂಚಿತವಾಗಿಯೇ ತಿಳಿದಿದ್ದವು.